ಬಿಡಿಭಾಗಗಳ ನಂಬಿಕೆ

ಬ್ಯಾಕ್ಟೀರಿಯಾಗಳು ಔಷಧದ ಅಣುಗಳನ್ನು ಕಟ್ಟುವ ಬಗೆಯನ್ನು ಹೇಳುವಾಗ ಪಠ್ಯಪುಸ್ತಕಗಳು ಕಾರ್ಖಾನೆಯ ಜೋಡಣಾ ಸಾಲನ್ನೇ ತೋರಿಸುತ್ತವೆ. ಕಿಣ್ವದ ಒಂದೊಂದು ಘಟಕವೂ ತನ್ನ ಪಾಲಿನ ಕೆಲಸ ಮುಗಿಸಿ ಅಣುವನ್ನು ಮುಂದಿನದಕ್ಕೆ ದಾಟಿಸುತ್ತದೆ. ಹಾಗಿದ್ದ ಮೇಲೆ ಘಟಕಗಳನ್ನು ಅದಲುಬದಲು ಮಾಡಿ ಬೇಕೆಂದ ಔಷಧ ಪಡೆಯಬಹುದಲ್ಲ? ಈ ನಂಬಿಕೆ ಬಹಳ ಶ್ರಮವನ್ನು ತಪ್ಪು ದಾರಿಗೆ ಹಚ್ಚಿದೆ ಎಂಬುದು ನನ್ನ ತಕರಾರು.

ಎರಿಥ್ರೊಮೈಸಿನ್ ನೋಡಿ. ಫಿಲಿಪ್ಪೀನ್ಸ್‌ನ ಇಲೊಯಿಲೊದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಔಷಧ ಅದು. ಅದರ ಹಂದರವನ್ನು ಮೂರು ದೈತ್ಯ ಪ್ರೋಟೀನುಗಳು ಕಟ್ಟುತ್ತವೆ. ಒಂದೊಂದರಲ್ಲೂ ಸರಪಳಿ ಬೆಳೆಸುವ ಎರಡೆರಡು ಘಟಕ. 1990ರ ಆಸುಪಾಸಿನಲ್ಲಿ ಪೀಟರ್ ಲೀಡ್ಲೆ ಮತ್ತು ಲೆನಾರ್ಡ್ ಕಾಟ್ಜ್ ಎಂಬ ವಿಜ್ಞಾನಿಗಳ ತಂಡಗಳು ಇವುಗಳ ಜೀನ್ ಓದಿದಾಗ, ಘಟಕಗಳ ಕ್ರಮವೂ ಅಣು ಬೆಳೆಯುವ ಕ್ರಮವೂ ಒಂದೇ ಎಂದು ಗೊತ್ತಾಯಿತು. 1991ರಲ್ಲಿ ಐದನೇ ಘಟಕದ ಒಂದು ಭಾಗವನ್ನು ಕೆಡಿಸಿದಾಗ ಅಣು ನಿರೀಕ್ಷಿಸಿದ ಜಾಗದಲ್ಲೇ ಬದಲಾಯಿತು. ಇಂದು ಜೀನ್ ನೋಡಿಯೇ ಅಣುವನ್ನು ಊಹಿಸಬಲ್ಲೆವಾದರೆ ಅದು ಜೋಡಣಾ ಸಾಲಿನ ಈ ಕಲ್ಪನೆಯ ಕೊಡುಗೆ. ಅದರಲ್ಲಿ ಅನುಮಾನವಿಲ್ಲ.

ಆದರೆ ಓದುವುದು ಬೇರೆ, ಕಟ್ಟುವುದು ಬೇರೆ. 1999ರಲ್ಲಿ ಈ ಘಟಕಗಳ ಭಾಗಗಳನ್ನು ಬದಲಾಯಿಸಿ ಐವತ್ತಕ್ಕೂ ಹೆಚ್ಚು ಹೊಸ ಹಂದರಗಳನ್ನು ಪಡೆದರು. ಆದರೆ ಬದಲಾವಣೆಗಳು ಹೆಚ್ಚಿದಂತೆ ಇಳುವರಿ ಕುಸಿಯಿತು. ಏಕೆ? ಸರಪಳಿಯನ್ನು ಹೊತ್ತು ತಿರುಗುವ ವಾಹಕ ಪ್ರೋಟೀನು ಮೊದಲು ತನ್ನ ಘಟಕದ ಕಿಣ್ವಗಳನ್ನು ಮುಟ್ಟಬೇಕು, ಆಮೇಲೆ ಮುಂದಿನ ಘಟಕವನ್ನು. ಪ್ರತಿ ಸಲವೂ ತಾಗುವ ಮಗ್ಗುಲು ಬೇರೆ. ಹೊರಗಿನ ಘಟಕ ತಂದು ಕೂರಿಸಿದರೆ ಈ ತಾಗುವಿಕೆಯೇ ತಪ್ಪುತ್ತದೆ. ಜೊತೆಗೆ, ತುಣುಕುಗಳನ್ನು ಬೆಸೆಯುವ ಕೀಟೊಸಿಂಥೇಸ್ ಕಿಣ್ವ ಒಗ್ಗದ ಸರಪಳಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕಿಣ್ವಗಳ ರಚನೆಯ ಅಧ್ಯಯನಗಳು ಜೋಡಣಾ ಸಾಲಿನ ಚಿತ್ರವನ್ನು ಇನ್ನಷ್ಟು ಸಡಿಲಿಸಿದವು. 2014ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪಿಕ್ರೊಮೈಸಿನ್ ಎಂಬ ಅಣುವನ್ನು ಕಟ್ಟುವ ಘಟಕವೊಂದನ್ನು ಕಂಡರು: ಕಮಾನಿನ ಆಕಾರ, ಎಲ್ಲ ಕಿಣ್ವಗಳೂ ಒಂದೇ ಕೋಣೆಗೆ ಮುಖ ಮಾಡಿವೆ, ಹೊತ್ತ ಹೊರೆ ಬದಲಾದರೆ ವಾಹಕದ ಜಾಗವೂ ಬದಲಾಗುತ್ತದೆ. 2021ರಲ್ಲಿ ಲಸಲೋಸಿಡ್ ಎಂಬ ಇನ್ನೊಂದು ಅಣುವನ್ನು ಕಟ್ಟುವ ಘಟಕದಲ್ಲಿ ಎರಡು ಕೋಣೆಗಳು ಕಂಡವು. ಅವು ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡುವುದಿಲ್ಲ. ನಿಂತಲ್ಲೇ ನಿಂತು ದುಡಿಯುವ ಸಾಲಲ್ಲ ಇದು.

ಪ್ರಕೃತಿಯೂ ಘಟಕಗಳನ್ನು ಕತ್ತರಿಸಿ ಜೋಡಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಹೌದು, ಆದರೆ ಎಲ್ಲಿ ಕತ್ತರಿಸುತ್ತದೆ? ಕೀಟೊಸಿಂಥೇಸ್‌ನಿಂದ ಘಟಕ ಆರಂಭವಾಗುತ್ತದೆ ಎಂದು ನಾವು ಗೆರೆ ಎಳೆದಿದ್ದೆವು. ವಿಕಾಸದ ಜಾಡು ಹಿಡಿದವರಿಗೆ ಹಲವು ಕಿಣ್ವಗಳಲ್ಲಿ ಕಂಡದ್ದೇ ಬೇರೆ: ಕೀಟೊಸಿಂಥೇಸ್ ತನ್ನ ಹಿಂದಿನ ಕಿಣ್ವಗಳ ಜೊತೆಗೇ ಸಾಗಿ ಬಂದಿದೆ. ಅಂದರೆ ಗಡಿ ಇರುವುದು ಅದರ ನಂತರ. ಆ ಹೊಸ ಗಡಿಯಲ್ಲಿ ಕತ್ತರಿಸಿ ಜೋಡಿಸಿದ ಕೆಲವು ಮಿಶ್ರ ಕಿಣ್ವಗಳು ಪ್ರಯೋಗಾಲಯದಲ್ಲಿ ಕೆಲಸ ಮಾಡಿಯೂ ತೋರಿಸಿವೆ.