ಕೊಟೇಶನ್ನಿನಲ್ಲಿ ಇಲ್ಲದ ಸಾಲುಗಳು

ಅಳಿಯ ತಂದು ಮೇಜಿನ ಮೇಲಿಟ್ಟ ಹಾಳೆಯಲ್ಲಿ ಹನ್ನೊಂದು ಸಾಲುಗಳಿದ್ದವು. ಮಣಿಪಾಲದ ಅಂಗಡಿಯೊಂದರ ಕೊಟೇಶನ್. ಐ5-12400ಎಫ್ ಪ್ರೊಸೆಸರ್, ಮದರ್‌ಬೋರ್ಡ್, 16 ಜಿಬಿಯ ಒಂದೇ ಒಂದು ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, ಲಿಕ್ವಿಡ್ ಕೂಲರ್, ಬಣ್ಣ ಬಣ್ಣದ ಆರು ಫ್ಯಾನ್ ಇರುವ ಕ್ಯಾಬಿನೆಟ್, ಮಾನಿಟರ್, ಕೀಬೋರ್ಡ್-ಮೌಸ್, ಹೆಡ್‌ಸೆಟ್. ನಡುವೆ ಎಲ್ಲೋ ‘ಎಸ್‌ಎಂಪಿಎಸ್ 650 ವ್ಯಾಟ್’ ಎಂದಷ್ಟೇ. ಯಾವ ಕಂಪನಿಯದು, ಯಾವ ಮಾಡೆಲ್, ಒಂದೂ ಇಲ್ಲ. ಕೆಳಗೆ 18 ಶೇಕಡಾ ಜಿಎಸ್‌ಟಿ ಸೇರಿ ಒಂದೂಕಾಲು ಲಕ್ಷ.

“ಮಾವ, ಒಮ್ಮೆ ನೋಡಿ ಹೇಳಿ. ನಾಳೆ ಅಡ್ವಾನ್ಸ್ ಕೊಡ್ಲಿಕ್ಕುಂಟು.”

ಮಾವನ ಸೊತ್ತು ಸೋದರಳಿಯನಿಗೆ ಹೋಗುವ ಅಳಿಯಸಂತಾನದ ಕಟ್ಟಳೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ನನ್ನ ಹಳೆಯ ಕಂಪ್ಯೂಟರಿಗೆ ವಾರಸುದಾರ ಅವನೇ ಆಗಿದ್ದ. ಅದು ಕಳೆದ ಏಪ್ರಿಲಿನ ಸಿಡಿಲಿಗೆ ಹೋಯಿತು. ಅವನ ಮನೆ ಕಾಪುವಿನಲ್ಲಿ, ರಾತ್ರಿ ಗದ್ದಲ ಅಡಗಿದರೆ ಕಡಲಿನ ಸದ್ದು ಕೇಳುವಷ್ಟು ದೂರದಲ್ಲಿ. ಕಾಲೇಜು ಮಣಿಪಾಲದಲ್ಲಿ. ರಾತ್ರಿ ವ್ಯಾಲೊರಂಟ್ ಆಡುತ್ತ ಅರ್ಧ ತುಳು ಅರ್ಧ ಕನ್ನಡದಲ್ಲಿ ಲೈವ್ ಮಾಡುತ್ತಾನೆ. ನೋಡುವವರು ಹತ್ತು-ಹನ್ನೊಂದು ಮಂದಿ; ಅದರಲ್ಲಿ ಒಬ್ಬ ನಾನು, ಇನ್ನೊಬ್ಬಳು ಅವನ ತಾಯಿ, ನನ್ನ ತಂಗಿ. ಚಳಿಗಾಲದ ವಾರಾಂತ್ಯಗಳಲ್ಲಿ ಗೆಳೆಯರ ಜೊತೆ ಸೇರಿ ಯಕ್ಷಗಾನ, ಕಂಬಳ, ಮದುವೆಗಳನ್ನು ಯೂಟ್ಯೂಬಿಗೆ ಬಿಡುತ್ತಾನೆ. ನಾಲ್ಕು ಕಾಸು ಬರುವುದು ಅದರಿಂದ.

ಕೊಟೇಶನ್ ಕೂಡ ಒಂದು ಬರವಣಿಗೆಯೇ. ಅದಕ್ಕೂ ಒಬ್ಬ ಓದುಗ ಮನಸ್ಸಿನಲ್ಲಿರುತ್ತಾನೆ. ಈ ಹಾಳೆ ಬರೆದವರ ಮನಸ್ಸಿನಲ್ಲಿದ್ದವನು ಕಾಪುವಿನವನಲ್ಲ. 1957ರಲ್ಲಿ ಎಂಐಟಿ ಎಂಜಿನಿಯರಿಂಗ್ ಕಾಲೇಜು ಶುರುವಾದಲ್ಲಿಂದ ಮಣಿಪಾಲದ ಗುಡ್ಡಕ್ಕೆ ದೇಶದ ಮೂಲೆಮೂಲೆಯಿಂದ ಹುಡುಗರು ಬರುತ್ತಾರೆ, ನಾಲ್ಕು ವರ್ಷ ಇರುತ್ತಾರೆ, ಗಂಟುಮೂಟೆ ಕಟ್ಟಿ ಹೋಗುತ್ತಾರೆ. ಅವರು ಯೂಟ್ಯೂಬಿನಲ್ಲಿ ನೋಡಿದ ಪಟ್ಟಿಯನ್ನೇ ಅಂಗಡಿಯಲ್ಲಿ ಕೇಳುತ್ತಾರೆ, ಅಂಗಡಿಯವರು ಅದನ್ನೇ ಬರೆದು ಕೊಡುತ್ತಾರೆ. ಆ ಪಟ್ಟಿ ಹುಟ್ಟಿದ್ದು ದಿಲ್ಲಿಯ ನೆಹರೂ ಪ್ಲೇಸಿನ ಒಣ ಹವೆಯಲ್ಲೋ ಬೆಂಗಳೂರಿನ ಎಸ್‌.ಪಿ. ರೋಡಿನ ತಂಪಿನಲ್ಲೋ. ಉಪ್ಪುಗಾಳಿ, ಸಿಡಿಲು, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟುವ ಮಳೆ ಅದಕ್ಕೆ ಗೊತ್ತಿಲ್ಲ.

ಮೊದಲು ಅದರಲ್ಲಿ ಒಳ್ಳೆಯದು ಏನಿದೆ ಹೇಳುತ್ತೇನೆ. ಆರ್‌ಟಿಎಕ್ಸ್ 4060ನ್ನು ಬೈಯದ ವಿಮರ್ಶಕನಿಲ್ಲ. 8 ಜಿಬಿ ಮೆಮೊರಿ ಸಾಲದು, 128 ಬಿಟ್ಟಿನ ದಾರಿ ಇಕ್ಕಟ್ಟು, ಹಿಂದಿನ 3060ಕ್ಕೆ 12 ಜಿಬಿ ಇತ್ತಲ್ಲ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೂ ನಾನು ಅದರ ಪರ. 3060ಕ್ಕೆ 170 ವ್ಯಾಟ್ ಬೇಕು, 4060ಕ್ಕೆ 115 ಸಾಕು. ದೊಡ್ಡ ನಗರದ ವಿಮರ್ಶಕನಿಗೆ ಈ 55 ವ್ಯಾಟ್ ಅಡಿಟಿಪ್ಪಣಿ. ನಮ್ಮಲ್ಲಿ ಅದು ಬೇಸಗೆಯ ಹಂಚಿನ ಮನೆಯೊಳಗೆ ಕಡಿಮೆಯಾದ ಸೆಕೆ, ಯುಪಿಎಸ್ಸಿಗೆ ಉಳಿದ ಉಸಿರು, ಫ್ಯಾನು ಒಳಗೆಳೆಯದೆ ಬಿಟ್ಟ ಉಪ್ಪುಗಾಳಿ. ಹೊಸದು ಬರುವವರೆಗೆ ಕಾಯಲೇ ಎಂದು ಅಳಿಯ ಕೇಳಿದ. ಕಾರ್ಡುಗಳದ್ದು ಹೆಚ್ಚುಕಡಿಮೆ ಉಡುಪಿಯ ಕೃಷ್ಣಮಠದ ಪರ್ಯಾಯದ ಲೆಕ್ಕ: 2018, 2020, 2022 ಹೀಗೆ ಎರಡೆರಡು ವರ್ಷಕ್ಕೆ ಪೀಠ ಬದಲಾಗುತ್ತದೆ. 50ರ ಸಾಲಿನ ಕಾರ್ಡು ಮಾತ್ರ ಮುಹೂರ್ತ ತಪ್ಪಿ 2025ರ ಜನವರಿಗೆ ಬಂತು. ಕಾಯುವವನಿಗೆ ಕೊನೆಯಿಲ್ಲ.

ಈ ಕಾರ್ಡು ಸಲ್ಲುವುದು ಆಟಕ್ಕಿಂತ ಲೈವಿಗೆ. ವ್ಯಾಲೊರಂಟಿಗೆ ಇದರ ಅರ್ಧ ಶಕ್ತಿಯೂ ಬೇಡ. ಆಡುತ್ತಲೇ ಲೈವ್ ಮಾಡಬೇಕಾದರೆ ಹನ್ನೆರಡು ಕೋರಿನ ಪ್ರೊಸೆಸರ್ ಬೇಕು, ಎರಡು ಕಂಪ್ಯೂಟರೇ ಬೇಕು ಎಂಬ ಉಪದೇಶ ಈಗಲೂ ಓಡಾಡುತ್ತಿದೆ. ಅದು ಪ್ರೊಸೆಸರೇ ಕೂತು ವಿಡಿಯೊ ಸಂಕುಚಿಸಬೇಕಿದ್ದ ಕಾಲದ ಮಾತು. ಎನ್ವಿಡಿಯಾ 2012ರಲ್ಲೇ ಎನ್‌ವೆಂಕ್ ಎಂಬ ಪ್ರತ್ಯೇಕ ಎನ್‌ಕೋಡರನ್ನು ಕಾರ್ಡಿನೊಳಗೆ ಇಟ್ಟಿತು. 2018ರ 20ರ ಸಾಲಿನಿಂದ ಅದರ ಗುಣಮಟ್ಟ ಪ್ರೊಸೆಸರಿಗೆ ಸಡ್ಡು ಹೊಡೆಯುವಷ್ಟಾಯಿತು. 40ರ ಸಾಲಿನಲ್ಲಿ ಎವಿ1 ಬಂತು. ಉಚಿತವಾಗಿ ಸಿಗುವ ಒಬಿಎಸ್ ಸಾಫ್ಟ್‌ವೇರ್ 2023ರಿಂದ ಎವಿ1ನ್ನು ನೇರ ಯೂಟ್ಯೂಬಿಗೆ ಕಳಿಸುತ್ತದೆ. ಅಷ್ಟೇ ಇಂಟರ್‌ನೆಟ್ಟಿನಲ್ಲಿ ಚಿತ್ರ ಹೆಚ್ಚು ಸ್ವಚ್ಛ.

ಎಷ್ಟು ಸ್ವಚ್ಛ ಎಂದು ನೋಡಬೇಕಾದರೆ ಆಟ ಬೇಡ, ಕಾರ್ಕಳದ ಮಿಯ್ಯಾರು ಕಂಬಳವೋ ಕಟಪಾಡಿಯದೋ ಸಾಕು. ಎನ್‌ಕೋಡರ್ ಒಂದು ಬಗೆಯ ಸೋಮಾರಿ: ಹಿಂದಿನ ಫ್ರೇಮಿನಲ್ಲಿ ಇದ್ದದ್ದು ಇಲ್ಲೂ ಇದ್ದರೆ ಅದನ್ನು ಮತ್ತೆ ಕಳಿಸುವುದಿಲ್ಲ, ಅಲ್ಲಿಂದ ಇಲ್ಲಿಗೆ ಜರುಗಿದೆ ಎಂದಷ್ಟೇ ಹೇಳುತ್ತದೆ. ಕೋಣದ ಬೆನ್ನು, ಓಡಿಸುವವನ ಮುಂಡಾಸು, ದಂಡೆಯ ಜನ, ಎಲ್ಲಕ್ಕೂ ಈ ಉಪಾಯ ನಡೆಯುತ್ತದೆ. ಕೋಣ ಓಡುವ ಕರೆಯಿಂದ ಚಿಮ್ಮುವ ಕೆಸರುನೀರಿಗೆ ನಡೆಯುವುದಿಲ್ಲ. ಒಂದು ಹನಿ ಇದ್ದಲ್ಲಿ ಮುಂದಿನ ಫ್ರೇಮಿನಲ್ಲಿ ಇನ್ನೊಂದು ಹನಿ. ಕಡಿಮೆ ಬಿಟ್‌ರೇಟಿನ ಹಳೆಯ ಎನ್‌ಕೋಡರಿನಲ್ಲಿ, ನಿಶಾನೆಗೆ ನೀರು ಹಾರುವ ಆ ಒಂದು ಕ್ಷಣದಲ್ಲಿ ಇಡೀ ಪರದೆ ಚೌಕ ಚೌಕವಾಗಿ ಒಡೆಯುತ್ತದೆ. ಯಾವ ಕ್ಷಣಕ್ಕೆಂದು ಜನ ಲೈವ್ ನೋಡುತ್ತಾರೋ ಅದೇ ಕಾಣುವುದಿಲ್ಲ. ತೆಂಕುತಿಟ್ಟಿನ ಯಕ್ಷಗಾನ ವೇಷಧಾರಿ ದಿಗಿಣ ಹಾಕುವಾಗ ಕಿರೀಟದ ಮಿಣುಕು, ಬಡಗಿನ ಪುರುಷವೇಷದ ಕಸೆಯ ಚೌಕುಳಿ ಮಾಡುವುದೂ ಇದನ್ನೇ. ಅದಕ್ಕೇ ಈ ಸಾಲನ್ನು ಮುಟ್ಟಬೇಡ ಎಂದೆ.

ಉಳಿದದ್ದರಲ್ಲಿ ಕೆಲವನ್ನು ಬೇಗ ಮುಗಿಸಬಹುದು. ಪ್ರೊಸೆಸರಿನ ಹೆಸರಿಗೆ ಅಂಟಿದ ಆ ‘ಎಫ್’ ಅಕ್ಷರಕ್ಕೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಸಾವಿರವೋ ಎರಡು ಸಾವಿರವೋ ಉಳಿಯುತ್ತದೆ. ಆದರೆ ಕಾರ್ಡು ಕೈಕೊಟ್ಟು ರಿಪೇರಿಗೆ ಹೋದ ದಿನ ಕಂಪ್ಯೂಟರಿಗೆ ಕಣ್ಣೇ ಇಲ್ಲ. ಸಿಡಿಲಿನ ಊರಿನಲ್ಲಿ ಇದು ಉಳಿತಾಯವಲ್ಲ. ರ‍್ಯಾಮ್ ಒಂದರ ಬದಲು ಎಂಟೆಂಟರ ಎರಡು ಹಾಕಿದರೆ ಅದೇ ದುಡ್ಡಿಗೆ ವೇಗ ಹೆಚ್ಚು. 500 ಜಿಬಿ ಸಾಲದು: ಸೆಕೆಂಡಿಗೆ 12 ಮೆಗಾಬಿಟ್‌ನಂತೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಒಂದು ಪ್ರಸಂಗ ರೆಕಾರ್ಡ್ ಮಾಡಿದರೆ 43 ಜಿಬಿ, ನಾಲ್ಕು ಆಟಗಳ ಜೊತೆ ಆರು ಪ್ರಸಂಗ ಇಟ್ಟರೆ ಜಾಗ ಮುಗಿಯಿತು. ಇನ್ನು 65 ವ್ಯಾಟಿನ ಪ್ರೊಸೆಸರಿಗೆ ಲಿಕ್ವಿಡ್ ಕೂಲರ್! ನಮ್ಮ ಮಳೆಗಾಲದಲ್ಲಿ ಮನೆಯೊಳಗೆ ನೀರು ಸಾಲದೆಂದೇ? ಬಾಕ್ಸಿನ ಜೊತೆ ಬರುವ ಫ್ಯಾನೇ ಅದನ್ನು ಸಂಭಾಳಿಸುತ್ತದೆ; ಬೇಕಿದ್ದರೆ ಒಂದು ಸಾದಾ ಏರ್ ಕೂಲರ್.

ನಾನು ನಿಂತದ್ದು ಆ ಹೆಸರಿಲ್ಲದ ಎಸ್‌ಎಂಪಿಎಸ್ ಸಾಲಿನಲ್ಲಿ. ಗೋಡೆಯ ವಿದ್ಯುತ್ತು ಮೊದಲು ತಾಗುವುದು ಅದಕ್ಕೆ. ಅದು ಕೆಟ್ಟದಾಗಿ ಸತ್ತರೆ ಜೊತೆಗೆ ಮದರ್‌ಬೋರ್ಡನ್ನೂ ಕಾರ್ಡನ್ನೂ ಕರೆದುಕೊಂಡು ಹೋಗುತ್ತದೆ. 650 ಎಂಬ ಅಂಕಿ ಏನನ್ನೂ ಹೇಳುವುದಿಲ್ಲ. ‘80 ಪ್ಲಸ್’ ಚೀಟಿ ಕೂಡ ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು, ವೋಲ್ಟೇಜು ಏರಿದಾಗ ತನ್ನನ್ನು ತಾನೇ ಆರಿಸಿಕೊಳ್ಳುವ ಬುದ್ಧಿ ಇದೆಯೇ ಎಂಬುದನ್ನಲ್ಲ. ಐದು ವರ್ಷ ವಾರಂಟಿ ಕೊಡುವ ಕಂಪನಿಯ 550 ವ್ಯಾಟ್, ಹೆಸರಿಲ್ಲದ 650ಕ್ಕಿಂತ ಮೇಲು.

ಆದರೆ ಎಷ್ಟು ಒಳ್ಳೆಯ ಎಸ್‌ಎಂಪಿಎಸ್ ತಂದರೂ ಅದಕ್ಕೊಂದು ನೆಲ ಬೇಕು. ತಂಗಿಯ ಮನೆಯಲ್ಲಿ ಹಳೆಯ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಬರಿಗಾಲಲ್ಲಿ ನಿಂತು ಕೈಯ ಹಿಂಬದಿಯಿಂದ ಸವರಿದರೆ ಜುಂ ಎನ್ನುತ್ತಿತ್ತು. ಶಾಕ್ ಎನ್ನುವಷ್ಟಿಲ್ಲ, ಬೆಕ್ಕಿನ ಮೈ ಸವರಿದ ಹಾಗೆ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಇದು ಮಾಮೂಲು: ಎಸ್‌ಎಂಪಿಎಸ್ಸಿನೊಳಗಿನ ಫಿಲ್ಟರ್ ಕೆಪಾಸಿಟರುಗಳು ನೆಲಕ್ಕೆ ಬಿಡಬೇಕಾದ ಸೋರಿಕೆ ಹೋಗಲು ದಾರಿ ಕಾಣದೆ ಕ್ಯಾಬಿನೆಟ್ಟಿನ ಮೈಗೆ ಬಂದು ಕೂತಿರುತ್ತದೆ. ಅವನ ಲೈವಿನಲ್ಲಿ ಎರಡು ವರ್ಷದಿಂದ ಕೇಳುತ್ತಿದ್ದ ಗುಂಯ್ ಎಂಬ ಸದ್ದೂ ಅದೇ. ಅವನು ಮೈಕು ಬದಲಿಸಿದ, ಕೇಬಲ್ ಬದಲಿಸಿದ. ಸದ್ದು ಇದ್ದದ್ದು ಅಂಗಳದಲ್ಲಿ.

ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ಕುಡಿದು ಕೂತಿರುತ್ತದೆ, ಅರ್ಥಿಂಗ್ ಚೆನ್ನಾಗಿಯೇ ಇರುತ್ತದೆ. ಮಾರ್ಚ್ ಬಂದರೆ ಬಿರಿಯುತ್ತದೆ. ಇದ್ದಿಲು, ಉಪ್ಪು ತುಂಬಿ ಮುಚ್ಚಿದ ಗುಂಡಿಗೆ ಆಗಾಗ ನೀರು ಹೊಯ್ಯಬೇಕು ಎಂದು ಮನೆ ಕಟ್ಟಿದ ವರ್ಷ ಎಲೆಕ್ಟ್ರಿಶಿಯನ್ ಹೇಳಿರುತ್ತಾನೆ, ಎಲ್ಲರೂ ಮರೆತಿರುತ್ತಾರೆ. ಅಲ್ಲಿಗೆ, ಮಳೆಗಾಲಕ್ಕೆ ಮುಂಚಿನ ಗುಡುಗು-ಸಿಡಿಲು ಶುರುವಾಗುವ ಏಪ್ರಿಲ್-ಮೇ ತಿಂಗಳಿಗೆ ಸರಿಯಾಗಿ ಗುಂಡಿ ಒಣಗಿರುತ್ತದೆ. ಘಟ್ಟದ ಬುಡದಲ್ಲಿರುವ ಕಾರ್ಕಳದವರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿ ಸಂಜೆ ಮೋಡ ಕಟ್ಟಿದರೆ ಮಕ್ಕಳೂ ಓಡಿ ಪ್ಲಗ್ಗು ಕೀಳುತ್ತಾರೆ. ಮೇಲಿನಿಂದ ಬೀಳುವ ಸಿಡಿಲಿಗೆ ಇಂದಿಗೂ ಅದಕ್ಕಿಂತ ಒಳ್ಳೆಯ ರಕ್ಷಣೆ ಮಾರುಕಟ್ಟೆಯಲ್ಲಿಲ್ಲ, ಮತ್ತು ಅದಕ್ಕೆ ಬಿಲ್ಲಿಲ್ಲ.

ಕಾಪುವಿನ ಕಷ್ಟ ಬೇರೆ. 1901ರ ದೀಪಸ್ತಂಭದ ಬುಡದಲ್ಲಿ ನಿಂತು ತುಟಿ ಸವರಿಕೊಂಡರೆ ಉಪ್ಪು ಸಿಗುತ್ತದೆ. ಅದೇ ಗಾಳಿಯನ್ನು ಆರು ಫ್ಯಾನಿಟ್ಟು ಒಳಗೆಳೆದುಕೊಳ್ಳುವ ಕ್ಯಾಬಿನೆಟ್ ಬೇಕೇ? ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪು ತಾನಾಗಿ ನೀರೊಡೆಯುತ್ತದೆ. ಜೂನಿನಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದರೆ ತಿಳಿಯುತ್ತದೆ. ಬೋರ್ಡಿನ ಮೇಲೆ ಕೂತ ಉಪ್ಪಿನ ಧೂಳೂ ಹಾಗೆಯೇ ಕರಗಿ, ತಾಮ್ರಕ್ಕೆ ಹಸಿರು ಕಿಲುಬು, ಯುಎಸ್‌ಬಿ ಬಾಯಿಗಳಿಗೆ ತುಕ್ಕು. ಹಳೆಯದನ್ನು ಬಿಚ್ಚಿದಾಗ ಹಿಂಬದಿಯ ತಗಡು ಹಪ್ಪಳದ ಹಾಗೆ ಉದುರಿತು. ಎಸ್‌ಎಂಪಿಎಸ್ಸಿನ ಒಳಗೆ ಇರುವೆಗಳ ಸಂಸಾರ. ಇಲ್ಲಿಗೆ ಎರಡು ದೊಡ್ಡ ಫ್ಯಾನ್ ಸಾಕು, ನಿಧಾನ ತಿರುಗಲಿ, ಮುಂದೆ ಬಿಚ್ಚಿ ತೊಳೆಯಲು ಬರುವ ಜಾಳಿಗೆ ಇರಲಿ. ಮಳೆಗಾಲದಲ್ಲಿ ಪರೀಕ್ಷೆ ಇದೆಯೆಂದು ವಾರಗಟ್ಟಲೆ ಮುಚ್ಚಿಡುವುದೇ ತಪ್ಪು. ಓಡುವ ಕಂಪ್ಯೂಟರ್ ಬೆಚ್ಚಗಿರುತ್ತದೆ, ಅದರ ಮೇಲೆ ತೇವ ಕೂರುವುದಿಲ್ಲ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿಟ್ಟರೂ ಇದಕ್ಕೆ ರಜೆ ಕೊಡಬಾರದು.

ಯುಪಿಎಸ್ ಹಾಳೆಯಲ್ಲೇ ಇರಲಿಲ್ಲ. “ಮನೆಯಲ್ಲಿ ಇನ್ವರ್ಟರ್ ಉಂಟಲ್ಲ ಮಾವ” ಎಂದ. ಕರೆಂಟು ಹೋದ ಮೇಲೆ ಎಸ್‌ಎಂಪಿಎಸ್ ಉಸಿರು ಹಿಡಿದು ನಿಲ್ಲುವುದು ಸುಮಾರು 16 ಮಿಲಿಸೆಕೆಂಡು. ಫ್ಯಾನು-ಲೈಟಿಗೆಂದು ತಂದ ಇನ್ವರ್ಟರ್ ಎಚ್ಚರಾಗಲು ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದುಂಟು. ಅಗ್ಗದ 600 ವಿಎ ಯುಪಿಎಸ್ಸಿನ ನಿಜವಾದ ತಾಕತ್ತು 360 ವ್ಯಾಟ್. ಆಟ ಏರಿದಾಗ ಮಾನಿಟರ್ ಸೇರಿ ಮುನ್ನೂರರ ಹತ್ತಿರ ಹೋಗುತ್ತದೆ, ಬ್ಯಾಟರಿ ಒಂದು ವರ್ಷ ಹಳತಾದರೆ ಕೀಂ ಎಂದು ಕೂಗಿ ಮಲಗುತ್ತದೆ. 1100 ವಿಎ ಬೇಕು, ರೌಟರ್ ಕೂಡ ಅದಕ್ಕೇ ಸಿಕ್ಕಿಸಬೇಕು. ಇಲ್ಲವಾದರೆ ಆಟಗಾರ ಬದುಕಿರುತ್ತಾನೆ, ಲೈವ್ ಸತ್ತಿರುತ್ತದೆ.

ಮೈಕೂ ಇರಲಿಲ್ಲ. ಜುಲೈಯಲ್ಲಿ ಶೀಟಿನ ಮೇಲೆ ಮಳೆ ಬೀಳುವ ಕೋಣೆಯಲ್ಲಿ ಹೆಡ್‌ಸೆಟ್ಟಿನ ಮೈಕು ಮಳೆಯನ್ನೇ ಪ್ರಸಾರ ಮಾಡುತ್ತದೆ. ಬಾಯಿಯ ಹತ್ತಿರ ಹಿಡಿಯುವ ಸಾದಾ ಡೈನಮಿಕ್ ಮೈಕು ವಾಸಿ. ಚಿತ್ರ ಸ್ವಲ್ಪ ಮಂಕಾದರೆ ನೋಡುವವರು ಸಹಿಸುತ್ತಾರೆ. ಚೆಂಡೆ ಒಡೆದು ಕೇಳಿದರೆ ಯಾರೂ ಸಹಿಸುವುದಿಲ್ಲ, ಕೆಳಗೆ ಕಮೆಂಟಿನಲ್ಲಿ ಭಾಗವತರಿಗಿಂತ ಮೊದಲು ಇವನಿಗೆ ಮಂಗಳಾರತಿ.

ದುಡ್ಡಿನ ದಾರಿಯ ಬಗ್ಗೆಯೂ ನಮ್ಮಿಬ್ಬರಿಗೆ ಚರ್ಚೆಯಾಯಿತು. ತಿಂಗಳಿಗೊಂದು ಪಾರ್ಟು ಕೊಂಡು ಜೋಡಿಸುತ್ತ ಹೋಗುವುದು ಹುಡುಗರಲ್ಲಿ ರೂಢಿ. ಪಿಗ್ಮಿ ಹುಟ್ಟಿದ ಊರಿನವರಿಗೆ ಇದು ಸಹಜ ಅನ್ನಿಸಬಹುದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆ ಎತ್ತುವ ಆ ಯೋಜನೆ ತಂದದ್ದು ಇಲ್ಲಿಯೇ. ಆದರೆ ಪಿಗ್ಮಿಯಲ್ಲಿ ಕೂಡುವುದು ದುಡ್ಡು. ಪಾರ್ಟು ಕೂಡಿಟ್ಟರೆ ಅಕ್ಟೋಬರಿನಲ್ಲಿ ತಂದ ಮದರ್‌ಬೋರ್ಡ್ ಜನವರಿಯಲ್ಲಿ ಪ್ರೊಸೆಸರ್ ಬಂದ ಮೇಲೆ ಸತ್ತದ್ದೆಂದು ತಿಳಿಯುತ್ತದೆ. ಬದಲಿಸಿಕೊಳ್ಳುವ ಗಡುವು ಮುಗಿದು, ವಾರಂಟಿ ಪೆಟ್ಟಿಗೆಯೊಳಗೇ ಮೂರು ತಿಂಗಳು ಸವೆದಿರುತ್ತದೆ. ನಾನು ಹೀಗೆ ಹೇಳಿದ್ದಕ್ಕೆ ಅವನು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ: 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮ್ ಬೆಲೆ ಹಾರಿದಾಗ, ಮೊದಲೇ ಕೊಂಡಿಟ್ಟವರು ಗೆದ್ದರಲ್ಲ? ಗೆದ್ದರು. ಆ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೊಸ ಕೊಟೇಶನ್ ಎರಡು ದಿನ ಬಿಟ್ಟು ಬಂತು. ಲಿಕ್ವಿಡ್ ಕೂಲರ್ ಹೋಗಿತ್ತು, ಎಸ್‌ಎಂಪಿಎಸ್ಸಿಗೆ ಹೆಸರು ಬಂದಿತ್ತು, ‘ಎಫ್’ ಉದುರಿತ್ತು, ಫ್ಯಾನು ಎರಡಾಗಿತ್ತು. ಎರಡರಲ್ಲೂ ಬಣ್ಣದ ಲೈಟು ಉಳಿದಿತ್ತು. ಅದೊಂದು ಇರಲಿ ಮಾವ ಎಂದ, ಇರಲಿ ಎಂದೆ. ಕೆಳಗೆ ಅವನೇ ಪೆನ್ಸಿಲಿನಲ್ಲಿ ಯುಪಿಎಸ್, ಮೈಕು, ಅರ್ಥಿಂಗ್ ಎಂದು ಮೂರು ಸಾಲು ಸೇರಿಸಿದ್ದ.

ಎಲೆಕ್ಟ್ರಿಶಿಯನ್ ಬಂದು ಹೊಸ ಗುಂಡಿ ತೋಡಿದ್ದು ಬಾವಿಕಟ್ಟೆಯ ಹತ್ತಿರ, ತಂಗಿಯ ಬಸಳೆ ಚಪ್ಪರದ ಪಕ್ಕದಲ್ಲಿ. ಬೇಸಗೆ ಪೂರ್ತಿ ದಿನಕ್ಕೊಂದು ಕೊಡಪಾನ ನೀರು ಹಾಕಬೇಕೆಂದು ಹೇಳಿ ಹೋದ. ಗುಂಯ್ ಸದ್ದು ಈಗ ಇಲ್ಲ. ಅಕ್ಕಿ ತೊಳೆದ ನೀರು ಮೊದಲು ಬಸಳೆಯ ಬುಡಕ್ಕೋ ಕಂಪ್ಯೂಟರಿನ ಗುಂಡಿಗೋ ಎಂದು ತಾಯಿ-ಮಗನಿಗೆ ದಿನಾ ಬೆಳಗ್ಗೆ ಚರ್ಚೆ ನಡೆಯುತ್ತದೆ, ಒಮ್ಮೊಮ್ಮೆ ಅದು ಲೈವಿನಲ್ಲೂ ಕೇಳಿಸುತ್ತದೆ.