ತೊಟ್ಟಿಲು, ತವರು ಮತ್ತು ಪ್ರಣಯ: ‘ಬೆಳ್ಳಿ ಮೋಡ’ದ ಒಂದು ಜಾನಪದೀಯ ಓದು

ಜನಪ್ರಿಯ ಪ್ರಣಯ ಕಾದಂಬರಿಯನ್ನು ಕನ್ನಡ ವಿಮರ್ಶೆ ಬಹುಕಾಲ ಗಂಭೀರವಾಗಿ ಪರಿಗಣಿಸಲಿಲ್ಲ. ಮಹಿಳೆಯರು ಬರೆದು, ಹೆಚ್ಚಾಗಿ ಮಹಿಳೆಯರೇ ಓದಿದ ಈ ಕೃತಿಗಳನ್ನು ‘ಅಡುಗೆಮನೆ ಸಾಹಿತ್ಯ’ವೆಂದು ಬದಿಗೆ ಸರಿಸಿದ್ದುಂಟು. ಪ್ರೀತಿ, ಮದುವೆ, ಮಗು ಎಂಬ ಮೂರು ಮೆಟ್ಟಿಲುಗಳ ಹಗುರ ಕಥೆಗಳೆಂಬುದು ಇವುಗಳ ಮೇಲಿನ ಮುಖ್ಯ ಆಕ್ಷೇಪ. ಆದರೆ ಮಗುವಿನ ಸುತ್ತ ಜನಪದರು ಕಟ್ಟಿಕೊಂಡಿರುವ ಆಚರಣೆಗಳ ಬೆಳಕಿನಲ್ಲಿ ನೋಡಿದಾಗ ಈ ಹಗುರತನದೊಳಗೆ ಅಡಗಿರುವ ಭಾರ ಗೋಚರಿಸುತ್ತದೆ. ಈ ದೃಷ್ಟಿಯಿಂದ ದಾವಣಗೆರೆ-ಹರಿಹರ ಪರಿಸರದ ತೊಟ್ಟಿಲ ಆಚರಣೆಗಳನ್ನು ತ್ರಿವೇಣಿಯವರ (1928-1963) ‘ಬೆಳ್ಳಿ ಮೋಡ’ ಕಾದಂಬರಿಯೊಂದಿಗೆ ಇಟ್ಟು ನೋಡುವುದು ಉಪಯುಕ್ತ.

ಹತ್ತಿಗಿರಣಿಗಳಿಂದ ಬೆಳೆದ ದಾವಣಗೆರೆ ಮತ್ತು ತುಂಗಭದ್ರೆಯ ದಡದ ಹರಿಹರ ಉತ್ತರ ಹಾಗೂ ದಕ್ಷಿಣ ಕರ್ನಾಟಕಗಳ ಸಂಪ್ರದಾಯಗಳು ಕೂಡುವ ನೆಲ. ಇಲ್ಲಿ ಬಸುರಿಗೆ ‘ಕುಬಸ’ ಮಾಡಿ ಉಡಿ ತುಂಬುತ್ತಾರೆ. ಚೊಚ್ಚಲ ಬಾಣಂತನ ತವರಿನದು. ಆಮೇಲೆ ತೊಟ್ಟಿಲ ಶಾಸ್ತ್ರ. ಈ ಸಂದರ್ಭಗಳಲ್ಲಿ ಗಂಡನ ಹೆಸರನ್ನು ನೇರವಾಗಿ ಹೇಳದ ಹೆಣ್ಣು ಅದನ್ನು ಒಡಪಿನಲ್ಲಿ ಪ್ರಾಸಕಟ್ಟಿ ಹೇಳುತ್ತಾಳೆ. ನೆರೆದ ಹೆಂಗಸರು ನಗುತ್ತಾರೆ, ಛೇಡಿಸುತ್ತಾರೆ. ದಾಂಪತ್ಯದ ಪ್ರಣಯ ಹತ್ತು ಜನರ ಮುಂದೆ ಮಾತಾಗುವ ಅಪರೂಪದ ಗಳಿಗೆ ಇದು. ಲಘು ಪ್ರಣಯ ಕಾದಂಬರಿಯ ಓದುಗ್ತಿಗೆ ಕಥೆಯ ಚೇಷ್ಟೆ ಅಪರಿಚಿತವೆನಿಸದಿರಲು ಒಡಪಿನ ಈ ಪರಂಪರೆಯೂ ಒಂದು ಕಾರಣವಾಗಿರಬಹುದು.

ತೊಟ್ಟಿಲ ಶಾಸ್ತ್ರದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ, ಅಂದರೆ ತಂದೆಯ ಸೋದರಿ. ಹೆಸರು ಹೇಳುತ್ತಿದ್ದಂತೆ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುವುದೂ ಉಂಟು. ಈ ನಗೆಯ ಕೆಳಗೆ ಒಂದು ಒಪ್ಪಂದವಿದೆ. ತವರಿನ ಹೊಲ-ಮನೆ ಅಣ್ಣತಮ್ಮಂದಿರಿಗೆ. ಅಕ್ಕತಂಗಿಯರಿಗೆ ಉಡಿಯಕ್ಕಿ, ಕುಬಸ ಮತ್ತು ಹೆಸರಿಡುವ ಗೌರವ. ತವರನ್ನು ಹರಸುವ ಗರತಿಯ ಹಾಡುಗಳು ಈ ಒಪ್ಪಂದವನ್ನು ಪ್ರೀತಿಯ ಭಾಷೆಯಲ್ಲಿ ನೆಲೆಗೊಳಿಸುತ್ತವೆ. ಸೋದರನ ಹುಟ್ಟು ಅಲ್ಲಿ ಸೋದರಿಗೆ ಭಾಗ್ಯವೇ ಹೊರತು ನಷ್ಟವಲ್ಲ.

‘ಬೆಳ್ಳಿ ಮೋಡ’ ಈ ಒಪ್ಪಂದವನ್ನು ಬಿಚ್ಚಿ ತೋರಿಸುತ್ತದೆ. ಚಿಕ್ಕಮಗಳೂರು ಸೀಮೆಯ ತೋಟದ ಮಾಲೀಕ ಸದಾಶಿವರಾಯರ ಒಬ್ಬಳೇ ಮಗಳು ಇಂದಿರೆ. ಅವಳನ್ನು ವರಿಸಲಿರುವ ಮೋಹನ ಭಾವೀ ಮಾವನ ಹಣದಿಂದ ವಿದೇಶದಲ್ಲಿ ಓದುತ್ತಾನೆ. ಈ ನಡುವೆ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಮೋಹನನ ಪ್ರೀತಿ ಆರಿಹೋಗುತ್ತದೆ. ಮುಂದೆ ಹಾಸಿಗೆ ಹಿಡಿದ ಅವನನ್ನು ಇಂದಿರೆ ಉಪಚರಿಸುತ್ತಾಳೆ. ಪಶ್ಚಾತ್ತಾಪಪಟ್ಟು ಮರಳಿ ಬೇಡಿದಾಗ ಮಾತ್ರ ಒಪ್ಪುವುದಿಲ್ಲ. ಪುಟ್ಟಣ್ಣ ಕಣಗಾಲರು 1967ರಲ್ಲಿ ಇದನ್ನು ಚಲನಚಿತ್ರವಾಗಿಸಿದರು.

ಸಾಮಾನ್ಯ ಪ್ರಣಯ ಕಥೆಯಲ್ಲಿ ಮಗು ಪ್ರೀತಿಯ ಫಲವಾಗಿ ಕೊನೆಗೆ ಬರುತ್ತದೆ. ತ್ರಿವೇಣಿಯವರು ಅದನ್ನು ಮದುವೆಗೆ ಮೊದಲೇ ತಂದು ಪ್ರೀತಿಯ ಒರೆಗಲ್ಲನ್ನಾಗಿಸಿದ್ದಾರೆ. ಮಾತು ಬಾರದ ಕೂಸು ಯಾರನ್ನೂ ದೂರುವುದಿಲ್ಲ; ಅದರ ಇರವೇ ಮೋಹನನ ಒಳಗನ್ನು ಬಯಲಿಗೆಳೆಯುತ್ತದೆ. ಗಮನಾರ್ಹವಾದುದೆಂದರೆ, ತನ್ನ ಬಾಳಿನ ತಿರುವಿಗೆ ನೆಪವಾದ ತಮ್ಮನ ಮೇಲೆ ಇಂದಿರೆ ಮುನಿಯುವುದಿಲ್ಲ. ಗರತಿಯ ಹಾಡಿನ ಸೋದರಪ್ರೇಮವನ್ನು ಉಳಿಸಿಕೊಂಡೇ, ಆ ಹಾಡು ಕೇಳದ ಪ್ರಶ್ನೆಯನ್ನು ಕೃತಿ ಕೇಳುತ್ತದೆ: ಹೆಣ್ಣನ್ನು ವರಿಸುವವನು ವರಿಸುವುದು ಯಾರನ್ನು, ಏನನ್ನು?

ಕೃತಿಗೆ ಮಿತಿಯೂ ಇದೆ. ತ್ರಿವೇಣಿಯವರು ಬರೆಯುತ್ತಿದ್ದ ಕಾಲದಲ್ಲೇ ಬಂದ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ನೀಡಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಕರ್ನಾಟಕದ ಹೆಣ್ಣುಮಕ್ಕಳಿಗೆ ದೊರೆತದ್ದು 1994ರ ತಿದ್ದುಪಡಿಯಿಂದ. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಗಂಡು ಹುಟ್ಟಿದೊಡನೆ ಹೆಣ್ಣಿಗೇನೂ ಉಳಿಯದೆಂಬ ಮೋಹನನ ಲೆಕ್ಕಕ್ಕೆ ಕಾನೂನಿಗಿಂತ ರೂಢಿಯೇ ಹೆಚ್ಚಿನ ಆಧಾರ. ಕಥೆಯ ಒತ್ತು ಮಾತ್ರ ಅವನ ಲೋಭದ ಮೇಲೆ ಬೀಳುತ್ತದೆ, ಇಂದಿರೆಯ ಪಾಲಿನ ಮೇಲಲ್ಲ. ಅವಳು ಗೆಲ್ಲುವುದು ಆತ್ಮಗೌರವವನ್ನು. ಆಸ್ತಿಯ ರೂಢಿ ಇದ್ದಲ್ಲೇ ಉಳಿಯುತ್ತದೆ.

ತ್ರಿವೇಣಿಯವರು ಸ್ವತಃ 1963ರಲ್ಲಿ ಹೆರಿಗೆಯ ಬೆನ್ನಲ್ಲೇ ತೀರಿಕೊಂಡರು. ಬಾಣಂತಿಯ ಮನೋರೋಗವನ್ನು ಕುರಿತ ಅವರ ‘ಶರಪಂಜರ’ವನ್ನೂ ಜೊತೆಗಿಟ್ಟು ನೋಡಿದರೆ, ತೊಟ್ಟಿಲನ್ನು ಮಂಗಳದ ಚಿಹ್ನೆಯೆಂದು ಮಾತ್ರ ಅವರು ಕಾಣಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಒಡಪಿನ ನಗೆ ಹೆಣ್ಣಿಗೆ ಗಂಡನ ಹೆಸರು ಹೇಳುವ ಧೈರ್ಯ ಕೊಟ್ಟಿತು. ‘ಬೆಳ್ಳಿ ಮೋಡ’ ಆ ಹೆಸರನ್ನು ಹೇಳದಿರುವ ಧೈರ್ಯವನ್ನು ಅವಳಿಗೆ ಕೊಟ್ಟಿತು. ಜನಪ್ರಿಯ ಕಾದಂಬರಿಯನ್ನು ಜನಪದ ಪರಂಪರೆಯ ಮುಂದುವರಿಕೆಯಾಗಿಯೂ ಅದರೊಂದಿಗಿನ ವಾಗ್ವಾದವಾಗಿಯೂ ಓದುವ ಅಗತ್ಯವನ್ನು ಈ ಕೃತಿ ಮನಗಾಣಿಸುತ್ತದೆ.