ಹಲಗೆಯ ಮಾತು, ಬೆರಳಿನ ಗುಟ್ಟು

ಹಲವು ವರ್ಷಗಳ ಹಿಂದೆ ಅರಸೀಕೆರೆಯ ಒಂದು ಮನೆಯಲ್ಲಿ ಆ ಹಲಗೆಯನ್ನು ಕಂಡೆ. ಹಲಗೆಯೆಂದರೆ ಒಂದು ರಟ್ಟು. ಅದರ ಮೇಲೆ ಸುತ್ತಲೂ ಅಕ್ಷರಗಳು, ಮೂಲೆಗಳಲ್ಲಿ 'ಹೌದು', 'ಇಲ್ಲ', ನಡುವೆ ಒಂದು ನಾಣ್ಯ. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿ ಮತ್ತು ನೆರೆಮನೆಯ ಇಬ್ಬರು ಹುಡುಗಿಯರು ನಾಣ್ಯದ ಮೇಲೆ ಬೆರಳಿಟ್ಟಿದ್ದರು. "ನೋವಾಯ್ತೇನೋ ಮಗಾ?" ಎಂದು ತಾಯಿ ಕೇಳಿದರು. ನಾಣ್ಯ 'ಇಲ್ಲ'ದ ಕಡೆಗೆ ಸರಿಯಿತು. ಅವರು ಬಿಕ್ಕಿ ಬಿಕ್ಕಿ ಅತ್ತರು. ನಾನು ಸುಮ್ಮನಿದ್ದೆ.

ಅಂದು ಹೇಳಲಾಗದ್ದನ್ನು ಇಂದು ಹೇಳಬೇಕು. 'ವೀಜಾ' ಎಂಬ ಈ ಹಲಗೆ ಯಾವ ಪುರಾತನ ವಿದ್ಯೆಯೂ ಅಲ್ಲ. 1891ರಲ್ಲಿ ಅಮೆರಿಕದಲ್ಲಿ ಆಟಿಕೆಯೆಂದು ಪೇಟೆಂಟ್ ಪಡೆದ ಮಾರಾಟದ ಸರಕು. ಅದಕ್ಕೂ ಮೊದಲೇ, 1853ರಲ್ಲಿ, ಪ್ರೇತಗಳು ಮೇಜು ತಿರುಗಿಸುತ್ತವೆ ಎಂಬ ನಂಬಿಕೆಯನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ ಪರೀಕ್ಷಿಸಿದ್ದರು. ಮೇಜಿಗಿಂತ ಮೊದಲು ಕೈಗಳೇ ಚಲಿಸುತ್ತಿದ್ದವು. ಅದು ಕೈಯಿಟ್ಟವರಿಗೇ ಗೊತ್ತಿರಲಿಲ್ಲ. ನಾಣ್ಯದ ಗುಟ್ಟೂ ಅದೇ. ಕಣ್ಣು ಕಟ್ಟಿ ಹಲಗೆಯನ್ನು ತಿರುಗಿಸಿಟ್ಟರೆ ಪ್ರೇತಕ್ಕೆ ಅಕ್ಷರವೇ ಮರೆತುಹೋಗುತ್ತದೆ!

ಹಾಗಾದರೆ ಆ ಹುಡುಗಿಯರು ಸುಳ್ಳು ಹೇಳಿದರೇ? ಇಲ್ಲ. ಬೆರಳು ತನಗರಿವಿಲ್ಲದೆ ಕರುಣೆ ತೋರಿತು, ಅಷ್ಟೆ. ಆದ್ದರಿಂದ ಅವರನ್ನು ಗೇಲಿ ಮಾಡುವುದು ಸಲ್ಲದು. ಅಪಾಯವಿರುವುದು ಮುಂದಿನ ಮೆಟ್ಟಿಲಲ್ಲಿ. ಇಂದು ಹುಡುಗಿಯರ ಬೆರಳಿರುವಲ್ಲಿ ನಾಳೆ ಹಣ ಕೇಳುವವನ ಬೆರಳು ಬರುತ್ತದೆ. ಅಂಥವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಜಿನ್ನ್ ಮಾತಾಡಿಸುತ್ತೇನೆಂದು ಹಣ ಎಣಿಸುವವರು ನಮ್ಮ ಗಲ್ಲಿಗಳಲ್ಲೂ ಇಲ್ಲವೇ?

ಸತ್ತವರ ಅಕ್ಷರ ಬೇಕೆಂದರೆ ಅರಸೀಕೆರೆಯವರು ದೂರ ಹೋಗಬೇಕಿಲ್ಲ. ಕ್ರಿ.ಶ. 450ರ ಸುಮಾರಿನದೆನ್ನಲಾದ ಹಲ್ಮಿಡಿ ಶಾಸನ ಸಿಕ್ಕಿದ್ದು ಪಕ್ಕದ ಬೇಲೂರು ತಾಲೂಕಿನಲ್ಲೇ. ಹಳೇಬೀಡಿನ ಗರುಡಗಂಬದಲ್ಲಿ, ದೊರೆ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಹೆಂಡತಿಯೊಡನೆ ಪ್ರಾಣಬಿಟ್ಟ ಕುವರ ಲಕ್ಷ್ಮನ ಕಥೆಯಿದೆ. ಆ ಕಲ್ಲುಗಳು ನಾವು ಕೇಳಿದ ಪ್ರಶ್ನೆಗೆ ಉತ್ತರಿಸುವುದಿಲ್ಲ, ನಮ್ಮನ್ನು ಸಂತೈಸುವುದೂ ಇಲ್ಲ. ನಮ್ಮ ಬೆರಳು ಅವುಗಳನ್ನು ಅಲುಗಾಡಿಸಲಾರದು. ಅದಕ್ಕೇ ಅವು ನಂಬಿಕೆಗೆ ಅರ್ಹ.

ಆ ತಾಯಿಯ ಟ್ರಂಕಿನಲ್ಲೂ ಮಗ ಸ್ವಂತ ಕೈಯಲ್ಲಿ ಬರೆದ ಶಾಲೆಯ ನೋಟುಪುಸ್ತಕಗಳಿದ್ದವು. ಜೊತೆಗೆ ಕೂತು ಅವನ್ನು ತಿರುವಿಹಾಕುತ್ತಾ, ಮಗನ ಮಾತು ಕೇಳಿಸಿಕೊಳ್ಳುವ ಒಬ್ಬರು ಅವರಿಗೆ ಬೇಕಿತ್ತು. ನೆರೆಹೊರೆಯ ನಾವು ದೊಡ್ಡವರು ಯಾರೂ ಹೋಗಲಿಲ್ಲ. ಆ ಜಾಗಕ್ಕೆ ನಾಣ್ಯ ಬಂತು.